ಚರ್ಮದ ಸೈಕಲ್ ಸೀಟು: ತಂದೆಯವರೊಂದಿಗಿನ ದೂರದ ಪ್ರಯಾಣಗಳ ನಂತರ ಒಂದು ವಿಮರ್ಶೆ

ಲಾಕ್‌ಡೌನ್‌ಗಳೆಲ್ಲ ಮುಗಿದು, ತಂದೆಯವರೊಂದಿಗೆ ದೂರದ ಊರುಗಳಿಗೆ ಸೈಕಲ್‌ನಲ್ಲೇ ಹೋಗಿಬರುವ ಯೋಚನೆ ಗಟ್ಟಿಯಾದಾಗ, ನಮ್ಮಿಬ್ಬರಿಗೂ ಒಂದೊಂದು ಚರ್ಮದ ಸೀಟು ಕೊಂಡೆವು. ಎರಡೂ ಒಬ್ಬರೇ ತಯಾರಕರದ್ದು, ಅಗಲ ಮಾತ್ರ ಬೇರೆ ಬೇರೆ. ಬೆಲೆ ತಲಾ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ಮೈಸೂರಿನಿಂದ ಮಡಿಕೇರಿ, ಸಂಪಾಜೆ, ಸುಳ್ಯದ ಮಾರ್ಗವಾಗಿ ಮಂಗಳೂರಿಗೆ, ಚಿತ್ರದುರ್ಗ, ಕೂಡ್ಲಿಗಿ ದಾಟಿ ಹಂಪಿಗೆ, ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಉಡುಪಿಗೆ, ಅಲ್ಲಿಂದ ಕರಾವಳಿಯ ಹೆದ್ದಾರಿ ಹಿಡಿದು ಕಾರವಾರಕ್ಕೆ, ಹೀಗೆ ನಾವು ಹೋದ ಕಡೆಯೆಲ್ಲ ಈ ಸೀಟುಗಳ ಮೇಲೆಯೇ ಹೋಗಿದ್ದೇವೆ. ತಂದೆಯವರು ನಿವೃತ್ತರು, ಅರವತ್ತೈದು ದಾಟಿದವರು. ಆದ್ದರಿಂದ ಈ ವಿಮರ್ಶೆ ಒಂದೇ ಬಗೆಯ ಸೀಟು ಎರಡು ವಯಸ್ಸಿನ, ಎರಡು ಬಗೆಯ ದೇಹಗಳಿಗೆ ಹೇಗೆ ಒಗ್ಗಿತು ಎಂಬುದರ ಕುರಿತಾಗಿದೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಬಹುಪಾಲು ಗುಣದೋಷಗಳು ಈ ಬಗೆಯ ಯಾವ ಸೀಟಿಗಾದರೂ ಅನ್ವಯಿಸುತ್ತವೆ.

ಇದರ ರಚನೆ ಬಹಳ ಸರಳವಾದದ್ದು. ಸುಮಾರು 5 ಮಿ.ಮೀ. ದಪ್ಪದ ಒಂದೇ ತುಂಡು ಚರ್ಮವನ್ನು ಹಿಂಬದಿಯ ಲೋಹದ ಪಟ್ಟಿಗೂ ಮುಂದಿನ ಮೂತಿಗೂ ರಿವೆಟ್ ಹೊಡೆದು ಜೋಲಿಯಂತೆ ಬಿಗಿದಿರುತ್ತಾರೆ. ಒಳಗೆ ಸ್ಪಂಜಾಗಲಿ ಜೆಲ್ ಆಗಲಿ ಇರುವುದಿಲ್ಲ. ಮೂತಿಯ ಕೆಳಗಿರುವ ಬೋಲ್ಟನ್ನು ತಿರುಗಿಸಿದರೆ ಚರ್ಮದ ಬಿಗಿ ಹೆಚ್ಚುತ್ತದೆ. 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆರಂಭವಾದ ಬ್ರೂಕ್ಸ್ ಕಂಪನಿ ಈ ಬಗೆಯ ಸೀಟುಗಳಿಗೆ ಜಗತ್ತಿನಾದ್ಯಂತ ಹೆಸರು ತಂದಿತು. ನಮ್ಮಲ್ಲಿಯೂ ಹಳೆಯ ಕಪ್ಪು ಸೈಕಲ್‌ಗಳಿಗೆ, ಕೆಳಗೆ ದಪ್ಪ ಸ್ಪ್ರಿಂಗ್ ಇರುವ ಚರ್ಮದ ಸೀಟುಗಳೇ ಇರುತ್ತಿದ್ದವು. ಅಂಥ ಸೈಕಲ್ ಮೇಲೆ ಎಷ್ಟೋ ವರ್ಷ ಕಚೇರಿಗೆ ಹೋಗಿಬಂದ ತಂದೆಯವರಿಗೆ ಚರ್ಮದ ಸೀಟು ಹೊಸತೇನಲ್ಲ. ಗಟ್ಟಿಯಾದ ಹೊಸ ಸೀಟನ್ನು ಮುಟ್ಟಿ ನೋಡಿ ನಾನು ಅನುಮಾನಪಟ್ಟಾಗ ಅವರೇ ಧೈರ್ಯ ಹೇಳಿದರು.

ಕೊಳ್ಳುವ ಮೊದಲು ಅಳತೆ ತೆಗೆದುಕೊಳ್ಳುವುದು ಅತ್ಯಗತ್ಯ. ಕುಳಿತಾಗ ದೇಹದ ಭಾರವನ್ನು ಹೊರುವುದು ಪೃಷ್ಠದೊಳಗಿನ ಎರಡು ಮೂಳೆಗಳು. ಗಟ್ಟಿಯಾದ ಮಣೆಯ ಮೇಲೆ ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನಿಟ್ಟು, ಅದರ ಮೇಲೆ ಮೊಣಕಾಲು ತುಸು ಎತ್ತಿ ಕುಳಿತು ಎದ್ದರೆ ಎರಡು ತಗ್ಗುಗಳು ಮೂಡುತ್ತವೆ. ಅವುಗಳ ನಡುವಿನ ಅಂತರವೇ ನಮಗೆ ಬೇಕಾದ ಅಳತೆ. ತಂದೆಯವರದ್ದು ಸುಮಾರು 11 ಸೆಂ.ಮೀ., ನನ್ನದು 13 ಸೆಂ.ಮೀ. ಬಂದಿತು. ಚರ್ಮದ ಸೀಟಿನಲ್ಲಿ ಈ ಮೂಳೆಗಳು ಚರ್ಮದ ಮೇಲೆಯೇ ಕೂರಬೇಕು, ಹಿಂಬದಿಯ ಲೋಹದ ಪಟ್ಟಿಯ ಮೇಲೆ ಬರಬಾರದು. ಅದಕ್ಕಾಗಿಯೇ ಮೂಳೆಗಳ ಅಂತರಕ್ಕಿಂತ ಸಾಕಷ್ಟು ಹೆಚ್ಚು ಅಗಲದ ಸೀಟು ಬೇಕಾಗುತ್ತದೆ. ಮಹಿಳೆಯರಲ್ಲಿ ಈ ಅಂತರ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ಮನೆಯ ಗಂಡಸರಿಗೆ ಹೊಂದಿದ ಸೀಟು ತಮಗೂ ಹೊಂದುತ್ತದೆಂದು ಭಾವಿಸಿ ಯಾರೂ ಹಣ ಕೊಡಬೇಡಿ.

ಹೊಸ ಸೀಟು ಮೊದಲಿಗೆ ಹಲಗೆಯಷ್ಟು ಗಟ್ಟಿ ಎನ್ನುವುದನ್ನು ಮುಚ್ಚಿಡುವುದಿಲ್ಲ. ಕೆಲವು ನೂರು ಕಿಲೋಮೀಟರ್ ತುಳಿಯುವವರೆಗೂ ಅದು ಮಣಿಯಲಿಲ್ಲ. ಬೇಗ ಮೆದುವಾಗಲೆಂದು ಎಣ್ಣೆಯಲ್ಲಿ ನೆನೆಸುವವರಿದ್ದಾರೆ. ತಂದೆಯವರೂ ತಮ್ಮ ಕಾಲದ ರೂಢಿಯಂತೆ ಹರಳೆಣ್ಣೆ ಹಚ್ಚೋಣವೆಂದರು. ಆದರೆ ಅತಿಯಾಗಿ ಎಣ್ಣೆ ಕುಡಿದ ಚರ್ಮ ಜೋತುಬೀಳುತ್ತದೆ ಮತ್ತು ಆಮೇಲೆ ಎಷ್ಟು ಬಿಗಿ ಮಾಡಿದರೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ತಯಾರಕರು ಕೊಟ್ಟ ಮೇಣವನ್ನು ಮೇಲ್ಭಾಗಕ್ಕೂ ಅಡಿಭಾಗಕ್ಕೂ ತೆಳುವಾಗಿ ಹಚ್ಚಿ, ಪ್ರತಿದಿನ ಮಾರುಕಟ್ಟೆಗೂ ಕೆಲಸಕ್ಕೂ ಅದೇ ಸೈಕಲ್‌ನಲ್ಲಿ ಓಡಾಡಿ, ಚರ್ಮವು ನಮ್ಮ ನಮ್ಮ ದೇಹಕ್ಕೆ ತಕ್ಕಂತೆ ತಗ್ಗಿದ ಮೇಲೆಯೇ ದೂರದ ಪ್ರಯಾಣಕ್ಕೆ ಹೊರಟೆವು. ಒಮ್ಮೆ ಹೀಗೆ ಒಗ್ಗಿದ ಮೇಲೆ ಅದು ಒಬ್ಬರ ಸೀಟು. ತಂದೆಯವರ ಸೈಕಲ್ ಮೇಲೆ ನಾನು ಹತ್ತು ನಿಮಿಷವೂ ನೆಮ್ಮದಿಯಾಗಿ ಕೂರಲಾರೆ.

ಸೀಟಿನ ನಿಜವಾದ ಪರೀಕ್ಷೆ ಘಟ್ಟದಲ್ಲಿ ಆಗುತ್ತದೆಂದು ಹಲವರು ತಿಳಿದಿರುತ್ತಾರೆ. ನಮ್ಮ ಅನುಭವ ಬೇರೆಯೇ ಆಗಿದೆ. ಏರಿನಲ್ಲಿ ಆಗಾಗ ಎದ್ದು ನಿಂತು ತುಳಿಯುತ್ತೇವೆ, ತಳ್ಳಿಕೊಂಡು ನಡೆಯುತ್ತೇವೆ. ಆಗುಂಬೆಯ ಆ 14 ತಿರುವುಗಳನ್ನು ಇಳಿಯುವಾಗ ಪ್ರತಿ ತಿರುವಿನಲ್ಲೂ ದೇಹ ಜಾಗ ಬದಲಿಸುತ್ತದೆ. ಬಯಲುಸೀಮೆಯಲ್ಲಿ ಹಾಗಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿದ ಮೇಲೆ ಹೊಸಪೇಟೆಯವರೆಗೆ ರಾಷ್ಟ್ರೀಯ ಹೆದ್ದಾರಿ 50 ಬಹುಪಾಲು ನೇರವಾಗಿ ಸಾಗುತ್ತದೆ. ಎದುರುಗಾಳಿಗೆ ತಲೆಬಾಗಿ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ತುಳಿಯಬೇಕಾಗುತ್ತದೆ. ನನ್ನ ಸೀಟು ಅಲ್ಲಿ ಇದೆಯೆಂಬ ನೆನಪೇ ಬಾರದಷ್ಟು ಹಿತವಾಗಿತ್ತು. ತಂದೆಯವರು ಮಾತ್ರ ಚೈನು ನೋಡುವ ನೆಪದಲ್ಲಿಯೋ ನೀರು ಕುಡಿಯುವ ನೆಪದಲ್ಲಿಯೋ ಮತ್ತೆ ಮತ್ತೆ ಇಳಿಯುತ್ತಿದ್ದರು. ಕೂಡ್ಲಿಗಿಯ ಹತ್ತಿರ ಒಂದು ಮರದ ನೆರಳಿನಲ್ಲಿ ನಿಲ್ಲಿಸಿ ನೇರವಾಗಿಯೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಳಗೆಲ್ಲ ಮರಗಟ್ಟಿದ ಹಾಗೆ ಆಗುತ್ತೆ ಕಣಮ್ಮ" ಎಂದರು.

ತಂದೆಯೊಬ್ಬರು ಬೆಳೆದ ಮಗಳ ಬಳಿ ಸುಲಭವಾಗಿ ಆಡುವ ಮಾತಲ್ಲ ಅದು. ನಮ್ಮ ಮನೆಗಳಲ್ಲಿ ಇಂಥ ತೊಂದರೆಯನ್ನು ಹೇಳಿಕೊಳ್ಳದೆ ನುಂಗಿಕೊಳ್ಳುವುದೇ ರೂಢಿ. ಆದರೆ ಪ್ರಯಾಣದಲ್ಲಿ ಹಾಗೆ ನುಂಗಿಕೊಂಡರೆ ದೇಹಕ್ಕೆ ಅಪಾಯ. ತೊಡೆಗಳ ನಡುವಿನ ಮೃದುವಾದ ಭಾಗದಲ್ಲಿ ಹಾದುಹೋಗುವ ನರಗಳ ಮೇಲೆಯೂ ರಕ್ತನಾಳಗಳ ಮೇಲೆಯೂ ಸೀಟಿನ ಮೂತಿ ಒತ್ತಿದಾಗ ಮರಗಟ್ಟುತ್ತದೆ. ಅದು ಸಹಿಸಿಕೊಳ್ಳಬೇಕಾದ ಆಯಾಸವಲ್ಲ, ಇಳಿದು ಸರಿಪಡಿಸಬೇಕೆಂಬ ಸೂಚನೆ. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಅವರ ಸೀಟಿನ ಚರ್ಮ ಬಳಕೆಯಿಂದ ಸಡಿಲಗೊಂಡು ನಡುಭಾಗ ತಗ್ಗಿತ್ತು. ಅವರು ಕುಳಿತಾಗ ಮೂತಿ ಎತ್ತರದಲ್ಲಿ ಉಳಿದು ಒತ್ತುತ್ತಿತ್ತು. ಬೋಲ್ಟನ್ನು ಅರ್ಧ ಸುತ್ತು ಬಿಗಿ ಮಾಡಿ, ಮೂತಿಯನ್ನು ಕೂದಲೆಳೆಯಷ್ಟು ಇಳಿಸಿ, ಹ್ಯಾಂಡಲನ್ನು ಸೀಟಿಗಿಂತ ಸ್ವಲ್ಪ ಎತ್ತರಿಸಿದೆವು. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲುವ ಅಭ್ಯಾಸವನ್ನೂ ಇಬ್ಬರೂ ಮಾಡಿಕೊಂಡೆವು. ಹೊಸಪೇಟೆ ತಲುಪುವ ಹೊತ್ತಿಗೆ ತೊಂದರೆ ನಿಂತಿತ್ತು. ಊರಿಗೆ ಮರಳಿದ ಮೇಲೆ ವೈದ್ಯರಿಗೂ ತೋರಿಸಿದೆವು. ಇಂಥದ್ದು ಮತ್ತೆ ಮತ್ತೆ ಬಂದರೆ ಯಾರೇ ಆಗಲಿ ತೋರಿಸಲೇಬೇಕು. ಅಂದಿನಿಂದ ಪ್ರತಿ ಬಾರಿ ನಿಂತಾಗಲೂ ಮೊಣಕಾಲು, ಅಂಗೈಗಳ ಜೊತೆಗೆ ಸೀಟಿನ ಬಗ್ಗೆಯೂ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ. ಈಗ ತಂದೆಯವರೇ ಮೊದಲು ಕೇಳುತ್ತಾರೆ.

ಸ್ಪಂಜಿನ ಸೀಟಾಗಿದ್ದರೆ ಹೀಗೆ ದಾರಿಯಲ್ಲಿ ಸರಿಪಡಿಸುವ ಅವಕಾಶ ಕಡಿಮೆ. ಮೂತಿಯ ಕೋನವನ್ನು ಅಲ್ಲಿಯೂ ಬದಲಿಸಬಹುದು, ಆದರೆ ಕುಗ್ಗಿಹೋದ ಸ್ಪಂಜನ್ನು ಬಿಗಿ ಮಾಡಲಾಗದು. ಚರ್ಮದ ಸೀಟಿನ ಈ ಗುಣವನ್ನು ನಾನು ಉಳಿದೆಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುತ್ತೇನೆ. ಕೋನವನ್ನು ಇಷ್ಟು ಸೂಕ್ಷ್ಮವಾಗಿ ಬದಲಿಸಲು ಹಲ್ಲುಗಳಿಲ್ಲದ ಕ್ಲ್ಯಾಂಪಿನ (ಹಿಡಿಕೆಯ) ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊರುವ ಕೊಳವೆ, ಬೇಕು. ಹಲ್ಲುಗಳಿರುವ ಹಳೆಯ ಕ್ಲ್ಯಾಂಪಿನಲ್ಲಿ ಒಂದು ಹಲ್ಲು ಹೆಚ್ಚು, ಒಂದು ಹಲ್ಲು ಕಡಿಮೆ ಎಂಬಂತಾಗುತ್ತದೆ.

ಮಳೆ ಇದರ ದೊಡ್ಡ ಶತ್ರು. ನೆನೆದ ಚರ್ಮದ ಮೇಲೆ ಕುಳಿತು ತುಳಿದರೆ ಅದು ಬೇಗನೆ ಹಿಗ್ಗಿ ಆಕಾರ ಕೆಡುತ್ತದೆ. ನೀರು ನಿಲ್ಲದ ಕವರನ್ನು ಸೀಟಿನ ಕೆಳಗೇ ಸುತ್ತಿಟ್ಟುಕೊಂಡಿರುತ್ತೇವೆ. ಮಳೆ ನಿಂತ ಮೇಲೂ ಚಕ್ರದಿಂದ ಸಿಡಿಯುವ ನೀರು ಅಡಿಯಿಂದ ನೆನೆಸುವುದರಿಂದ ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇರಲೇಬೇಕು. ಕುಂದಾಪುರದಾಚೆ ಮರವಂತೆಯಲ್ಲಿ, ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಆ ಸುಂದರವಾದ ದಾರಿಯಲ್ಲಿ ಸಿಕ್ಕಿಕೊಂಡ ಮಳೆಗೆ ಕವರೂ ಸಾಲದೆ ನನ್ನ ಸೀಟು ನೆನೆದು, ಅದರ ಕಂದು ಬಣ್ಣ ಬಟ್ಟೆಗೆ ಹತ್ತಿತು. ಆ ಕಲೆ ಇನ್ನೂ ಹೋಗಿಲ್ಲ. ನೆನೆದ ಸೀಟನ್ನು ನೆರಳಿನಲ್ಲಿಯೇ ಆರಿಸಬೇಕು, ಬಿಸಿಲಿಗಾಗಲಿ ಒಲೆಯ ಬಳಿಯಾಗಲಿ ಇಡಬಾರದು. ಮಳೆಗಾಲದಲ್ಲಿ ಬಳಸದೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಜಾಗದಲ್ಲಿಟ್ಟು, ಮತ್ತೆ ತೆಳುವಾಗಿ ಮೇಣ ಹಚ್ಚಿದರೆ ಸರಿಹೋಗುತ್ತದೆ.

ಕೆಲವು ತಿಂಗಳಿಗೊಮ್ಮೆ ಕಿರುಗುಟ್ಟುವ ಸದ್ದು ಬರುತ್ತದೆ. ಸೀಟಿನ ಅಡಿಯ ಲೋಹದ ಕಂಬಿಗಳು ಅದರ ಚೌಕಟ್ಟಿಗೆ ಸೇರುವಲ್ಲಿ ಒಂದೆರಡು ಹನಿ ಎಣ್ಣೆ ಬಿಟ್ಟರೆ ನಿಲ್ಲುತ್ತದೆ, ಆ ಎಣ್ಣೆ ಚರ್ಮಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಬೋಲ್ಟನ್ನು ಬಿಗಿ ಮಾಡುವ ವಿಶೇಷ ಪಾನಾ ಸೀಟಿನೊಂದಿಗೆ ಬಂದಿರಲಿಲ್ಲ, ಬೇರೆಯಾಗಿ ಕೊಳ್ಳಬೇಕಾಯಿತು. ಇಷ್ಟು ಬೆಲೆಯ ವಸ್ತುವಿಗೆ ಅದು ಸರಿಯಲ್ಲ.

ವಾರಕ್ಕೊಮ್ಮೆ ಕೆರೆಯ ಸುತ್ತ ಒಂದು ಸುತ್ತು ಹಾಕುವವರಿಗೆ ಈ ಸೀಟು ಬೇಡ. ಅವರಿಗೆ ಇದು ಒಗ್ಗುವಷ್ಟು ಬಳಕೆಯೇ ಆಗುವುದಿಲ್ಲ. ಚರ್ಮವನ್ನು ಬಳಸಲು ಮನಸ್ಸೊಪ್ಪದವರಿಗೆ ಹತ್ತಿಬಟ್ಟೆ ಹೊದಿಸಿದ ರಬ್ಬರ್ ಸೀಟುಗಳು ಸಿಗುತ್ತವೆ, ಅವು ಮಳೆಯನ್ನೂ ಚೆನ್ನಾಗಿ ತಡೆಯುತ್ತವೆ. ದಿನವೂ ಸೈಕಲ್ ತುಳಿಯುವ, ವರ್ಷಕ್ಕೊಮ್ಮೆಯಾದರೂ ಹಿರಿಯರನ್ನು ಜೊತೆಗೆ ಕರೆದುಕೊಂಡು ಹಲವು ದಿನಗಳ ದಾರಿ ಹೊರಡುವವರಿಗೆ ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಹೊರಡುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಕೊಳ್ಳಿ, ಇಬ್ಬರ ಅಳತೆಯನ್ನೂ ಬೇರೆ ಬೇರೆಯಾಗಿ ತೆಗೆಯಿರಿ, ಆ ಪಾನಾವನ್ನು ಚೀಲದ ತಳಕ್ಕೆ ಹಾಕದೆ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ.