ಮಳೆಗಾಲದಲ್ಲಿ ಗೊಂಬೆಯ ಮುದಿ ಮುಖದ ಮೇಲೆ ಮ್ಯಾಟ್ ಸ್ಪ್ರೇ ಹೊಡೆಯಬೇಡಿ

ಮಂಗಳೂರು, ಉಡುಪಿ ಕಡೆ ಮಿನಿಯೇಚರ್ (ಪುಟಾಣಿ ಗೊಂಬೆ) ಪೇಂಟ್ ಮಾಡುವವರು ಗಮನಿಸಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಮಳೆ ಹೊಳವಾದ ಹೊತ್ತು ನೋಡಿ, 32 ಮಿ.ಮೀ.ನ ಮುದಿ ಮಾಂತ್ರಿಕನ ಗೊಂಬೆಗೆ ಟೆರೇಸಿನಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಸ್ಪ್ರೇ ಹೊಡೆದದ್ದು. ಒಣಗುವಷ್ಟರಲ್ಲಿ ಮುಖವಿಡೀ ವಿಭೂತಿ ಬಳಿದ ಹಾಗೆ ಬೆಳ್ಳಗೆ. "ಮಳೆ ಬೀಳದಿದ್ದರೆ ಸಾಕು, ಯಾವಾಗ ಬೇಕಾದರೂ ಹೊಡೆಯಬಹುದು" ಎಂದಿದ್ದರು ಡಬ್ಬ ಮಾರಿದವರು. ಕರಾವಳಿಯಲ್ಲಿ ಆ ಮಾತು ನಂಬಬೇಡಿ ಮಾರಾಯ್ರೆ.

ಸ್ಪ್ರೇಯ ಗ್ಯಾಸ್, ದ್ರಾವಕ ಆವಿಯಾಗುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ. ಗಾಳಿಯ ತೇವಾಂಶ ಶೇ 85-90 ಇದ್ದರೆ ಎರಡು ಮೂರು ಡಿಗ್ರಿ ಇಳಿದರೂ ಸಾಕು, ಅಲ್ಲೇ ನೀರು ಹನಿಗಟ್ಟಿ ಒಣಗದ ವಾರ್ನಿಶ್‌ನೊಳಗೆ ಸಿಕ್ಕಿಬೀಳುತ್ತದೆ. ಬೆಳಕು ಅದರಲ್ಲಿ ಚದುರಿ ಬಿಳುಪು ಕಾಣುತ್ತದೆ. ಹೊರಗೆ ಮಳೆ ಬರುತ್ತಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೇ ಇಲ್ಲ.

ಎಳೆ ಚರ್ಮದಲ್ಲಿ ಇದು ಇಷ್ಟು ಎದ್ದು ಕಾಣದು. ಮುದಿ ಚರ್ಮದ ಕೆಲಸವೆಲ್ಲ ಇರುವುದು ನೆರಳಿಗೆ ಹಚ್ಚುವ, ಕೆಳಗಿನ ಬಣ್ಣ ಕಾಣುವಷ್ಟು ತೆಳು ಪದರಗಳಲ್ಲಿ, ಅಂದರೆ ಗ್ಲೇಜ್‌ಗಳಲ್ಲಿ. ಬರ್ನ್ಟ್ ಅಂಬರ್ (ಕಡು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿದ ಬುಡದ ಬಣ್ಣ, ಕಣ್ಣಿನ ಕೆಳಗೆ ನೇರಳೆ, ಕಣತಲೆಯಲ್ಲಿ, ಮುಂಗೈ ಮೇಲೆ ನೀಲಿ ನರ, ಮೂಗಿನ ತುದಿ, ಕಿವಿ, ಬೆರಳ ಗೆಣ್ಣುಗಳಲ್ಲಿ ಕೆಂಪು. ಒಂದು ಪಾಲು ಬಣ್ಣಕ್ಕೆ ನಾಲ್ಕೈದು ಪಾಲು ಮೀಡಿಯಮ್ (ಬಣ್ಣ ತೆಳುವಾಗಿಸುವ ದ್ರವ) ಹಾಕಿ ಪದರದ ಮೇಲೆ ಪದರ ಕೊಟ್ಟ ಕೆಲಸ ಅದು. ಬಿಳುಪು ಕವಿದರೆ ಮೊದಲು ಹೋಗುವುದು ಆ ನೀಲಿ, ನೇರಳೆ. ಸುಕ್ಕಿನ ಆಳವೇ ಕಾಣದೆ ಮುಖ ಬೂದು ಬಣ್ಣದ ಮುದ್ದೆಯಾಗುತ್ತದೆ.

ಹಾಗಾಯಿತೆಂದು ಕೂಡಲೇ ಬಣ್ಣ ಕಿತ್ತುಹಾಕಬೇಡಿ. ಮೈ ಮುಟ್ಟಿದರೆ ನಯವಾಗಿದ್ದು ಬೆಳ್ಳಗಿದ್ದರೆ ಅದು ತೇವದ ಕೆಲಸ. ಒಂದು ದಿನ ಒಣಗಲು ಬಿಟ್ಟು, ನೀರಿನ ಆಧಾರದ ಗ್ಲಾಸ್ (ಹೊಳಪಿನ) ವಾರ್ನಿಶ್ ಬ್ರಶ್‌ನಲ್ಲಿ ತೆಳ್ಳಗೆ ಹಚ್ಚಿ. ಬಹಳ ಸಲ ಬಣ್ಣ ವಾಪಸ್ ಬರುತ್ತದೆ. ಆಮೇಲೆ ಮ್ಯಾಟ್ ವಾರ್ನಿಶ್ ಕೂಡ ಬ್ರಶ್‌ನಲ್ಲೇ. ಮೈ ಮರಳು ಮರಳಾಗಿದ್ದರೆ ಕಾರಣ ಬೇರೆ: ತುಂಬ ದೂರದಿಂದ ಹೊಡೆದು ಸ್ಪ್ರೇ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂತಿದೆ. ಆ ಒರಟುತನ ಹೊಳಪಿನ ವಾರ್ನಿಶ್‌ನಿಂದ ಪೂರ್ತಿ ಹೋಗದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬ ಮುಟ್ಟದಿರುವುದೇ ಒಳ್ಳೆಯದು. ಬಣ್ಣಕ್ಕೆ ಮುಂಚೆ ಹೊಡೆಯುವ ಪ್ರೈಮರ್ ಸ್ಪ್ರೇಗೂ ಇದೇ ಮಾತು. ಡಿಸೆಂಬರ್, ಜನವರಿಯ ಮಧ್ಯಾಹ್ನ ಹೊಡೆಯಬಹುದು, ಆಗಲೂ ತೇವಾಂಶ ಅಳೆಯುವ ಹೈಗ್ರೋಮೀಟರ್‌ನಲ್ಲಿ ಶೇ 65ಕ್ಕಿಂತ ಕೆಳಗಿದ್ದರೆ ಮಾತ್ರ. ಡಬ್ಬವನ್ನು ಎರಡು ನಿಮಿಷ ಕುಲುಕಿ, 20-25 ಸೆಂ.ಮೀ. ದೂರದಿಂದ ಹಗುರವಾಗಿ ಹೊಡೆಯಿರಿ. ಮೊದಲು ಒಂದು ತುಂಡು ಪ್ಲಾಸ್ಟಿಕ್‌ಗೆ ಕಪ್ಪು ಬಳಿದು ಅದರ ಮೇಲೆ ನೋಡಿ. ಕಪ್ಪಿನ ಮೇಲೆ ಬಿಳುಪು ಬೇಗ ಗೊತ್ತಾಗುತ್ತದೆ.

ಇನ್ನೊಂದು, ಮಳೆಗಾಲದಲ್ಲಿ ಗ್ಲೇಜ್ ಒಣಗುವುದೂ ನಿಧಾನ. ಅರೆ ಒಣಗಿದ ಪದರದ ಮೇಲೆ ಬ್ರಶ್ ಎಳೆದರೆ ಕೆಳಗಿನದು ಎದ್ದು ಬಂದು, ಕೆನ್ನೆಯ ಕಪ್ಪು ಕಲೆಗಳ ಸುತ್ತ ಉಂಗುರ ಉಳಿಯುತ್ತದೆ. ಹೇರ್ ಡ್ರೈಯರ್ ತಣ್ಣನೆ ಗಾಳಿಯಲ್ಲೇ ಇರಲಿ, ಬಿಸಿಗೆ ಗೊಂಬೆಯ ತೆಳು ರೆಸಿನ್ ಕೋಲು, ಬೆರಳು ಬಾಗುತ್ತವೆ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್‌ನವರು ಕಂಪ್ರೆಸರ್ ಟ್ಯಾಂಕಿನ ನೀರನ್ನು ಪ್ರತಿ ಸಲ ಕೆಲಸ ಮುಗಿದ ಮೇಲೆ ಬಿಡಿ, ಗಾಳಿಯಲ್ಲಿನ ನೀರು ಹಿಡಿಯುವ ಟ್ರ್ಯಾಪ್‌ನ ನೀರನ್ನು ನಡುನಡುವೆಯೂ ನೋಡುತ್ತಿರಿ. ಅಲ್ಲಿಂದ ಒಂದು ಹನಿ ಸಿಡಿದರೂ ಒಣಗದ ಗ್ಲೇಜ್ ಮೇಲೆ ಬಿಳಿ ಚುಕ್ಕೆ ಕೂರುತ್ತದೆ.