ಲಾಸ್ ವೇಗಸ್: ಸ್ಟ್ರಿಪ್‌ನಲ್ಲಿ ಎರಡು ರಾತ್ರಿ, ಫ್ರೀಮಾಂಟ್‌ನಲ್ಲಿ ಎರಡು ರಾತ್ರಿ

ಲಾಸ್ ವೇಗಸ್‌ಗೆ ಮೊದಲ ಸಲ ಹೊರಟವರನ್ನು ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ ಕಾಡುವ ಪ್ರಶ್ನೆ ಒಂದೇ. ಉಳಿಯುವುದು ದೊಡ್ಡ ಕ್ಯಾಸಿನೊ ಹೋಟೆಲುಗಳು ಸಾಲುಗಟ್ಟಿರುವ ಸ್ಟ್ರಿಪ್ ಎಂಬ ಉದ್ದನೆಯ ರಸ್ತೆಯಲ್ಲೋ, ಫ್ರೀಮಾಂಟ್ ಬೀದಿಯ ಹಳೆಯ ಪೇಟೆಯಲ್ಲೋ? ನಾನು ಕೇಳಿದವರಲ್ಲಿ ಅರ್ಧ ಜನ ಸ್ಟ್ರಿಪ್ ಎಂದರು, ಉಳಿದರ್ಧ ಜನ ಹಣ ಉಳಿಯಬೇಕಾದರೆ ಫ್ರೀಮಾಂಟ್ ಎಂದರು. 2025ರ ಫೆಬ್ರವರಿಯಲ್ಲಿ ಅಮ್ಮನನ್ನು ಕರೆದುಕೊಂಡು ನಾಲ್ಕು ರಾತ್ರಿಗೆ ಹೋದಾಗ ಎರಡನ್ನೂ ನೋಡಿಯೇ ಬಿಡೋಣವೆಂದು ಭಾನುವಾರ, ಸೋಮವಾರ ಸ್ಟ್ರಿಪ್‌ನ ನಡುಭಾಗದಲ್ಲಿ, ಮಂಗಳವಾರ, ಬುಧವಾರ ಫ್ರೀಮಾಂಟ್‌ನಲ್ಲಿ ಕೋಣೆ ಕಾದಿರಿಸಿದೆ. ಅಮ್ಮನಿಗೆ 68 ವರ್ಷ. ಮೊಣಕಾಲು ನೋವಿದೆ. ನೋಡುವ ಹಂಬಲ ಮಾತ್ರ ನನಗಿಂತ ಹೆಚ್ಚು. ಹಾಗಾಗಿ ಈ ಹೋಲಿಕೆಯಲ್ಲಿ ಕಾಲಿನ ಲೆಕ್ಕ ಹಣದ ಲೆಕ್ಕದಷ್ಟೇ ಮುಖ್ಯವಾಯಿತು.

ಎರಡೂ ಜಾಗಗಳ ಗುಣ ಅವು ಹುಟ್ಟಿದ ರೀತಿಯಲ್ಲೇ ಇದೆ. ಫ್ರೀಮಾಂಟ್ ರೈಲಿನಿಂದ ಹುಟ್ಟಿದ ಪೇಟೆ. 1905ರಲ್ಲಿ ರೈಲ್ವೆಯವರು ಇಲ್ಲಿ ನಿವೇಶನ ಹರಾಜು ಹಾಕಿದಾಗ ಊರು ಶುರುವಾಯಿತು. ಮರುವರ್ಷವೇ ತೆರೆದ ಹೋಟೆಲು ಗೋಲ್ಡನ್ ಗೇಟ್ ಎಂಬ ಹೆಸರಿನಲ್ಲಿ ಇಂದಿಗೂ ಬೀದಿಯ ತುದಿಯಲ್ಲಿದೆ. ನಿಲ್ದಾಣದಲ್ಲಿ ಇಳಿದವರು ಪೆಟ್ಟಿಗೆ ಹಿಡಿದು ನಡೆದು ತಲುಪಬೇಕಿತ್ತು, ಆದ್ದರಿಂದ ಎಲ್ಲವೂ ಒತ್ತೊತ್ತಾಗಿ ಎದ್ದಿತು. 1931ರಲ್ಲಿ ನೆವಾಡ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿತು. ಅದಾಗಿ ಹತ್ತು ವರ್ಷಕ್ಕೆ, 1941ರಲ್ಲಿ, ಲಾಸ್ ಏಂಜಲೀಸ್ ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಎಲ್ ರಾಂಚೊ ವೇಗಸ್ ಎಂಬ ಕ್ಯಾಸಿನೊ ಹೋಟೆಲು ತೆರೆಯಿತು. ಸ್ಟ್ರಿಪ್ ಶುರುವಾದದ್ದು ಹೀಗೆ, ಕಾರಿನಲ್ಲಿ ಬರುವವರಿಗಾಗಿ. ಸ್ಟ್ರಿಪ್‌ನ ಹೆಚ್ಚಿನ ಭಾಗ ಇಂದಿಗೂ ಲಾಸ್ ವೇಗಸ್ ನಗರದ ಗಡಿಯೊಳಗೆ ಇಲ್ಲ, ಕ್ಲಾರ್ಕ್ ಕೌಂಟಿ ಎಂಬ ಜಿಲ್ಲೆಯ ಆಡಳಿತದಲ್ಲಿದೆ. ಕಾರಿಗಾಗಿ ಕಟ್ಟಿದ ಬೀದಿಯಲ್ಲಿ ಕಾಲ್ನಡಿಗೆಯವರು ಏನು ಪಾಡು ಪಡುತ್ತಾರೆ ಎಂಬುದು ನಮಗೆ ಮೊದಲ ಸಂಜೆಯೇ ತಿಳಿಯಿತು.

ಕೋಣೆಯ ಕಿಟಕಿಯಿಂದ ನೋಡಿದರೆ ಪ್ಯಾರಿಸ್ ಹೋಟೆಲಿನ ಐಫೆಲ್ ಗೋಪುರ ಕೈಗೆಟುಕುವಂತಿತ್ತು. ಮೂಲ ಗೋಪುರದ ಅರ್ಧದಷ್ಟು ಎತ್ತರದ ಪ್ರತಿಕೃತಿ ಅದು. “ಇಲ್ಲೇ ಕಾಣುತ್ತದಲ್ಲ, ನಡೆದುಬಿಡೋಣ” ಎಂದರು ಅಮ್ಮ. ಹೊರಟೆವು. ಹೋಟೆಲಿನ ಬಾಗಿಲಿಗೆ ಬರಲು ಕ್ಯಾಸಿನೊದ ಮಧ್ಯೆ ಹಾದು ಎಂಟು ನಿಮಿಷ, ರಸ್ತೆ ದಾಟಲು ಎಸ್ಕಲೇಟರ್ ಹತ್ತಿ, ಸೇತುವೆ ದಾಟಿ, ಮತ್ತೆ ಇಳಿಯಲು ಐದು ನಿಮಿಷ, ಆಮೇಲೆ ಮುಗಿಯದ ಕಾಲುದಾರಿ. ತಲುಪುವಾಗ ಅರ್ಧ ಗಂಟೆ ದಾಟಿತ್ತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಸ್ಟ್ರಿಪ್‌ನಲ್ಲಿ ದೂರದ ಕಟ್ಟಡ ಹತ್ತಿರ. ಕಟ್ಟಡಗಳು ತೀರ ದೊಡ್ಡವಾದ್ದರಿಂದ ಕಣ್ಣಿಗೆ ಅಳತೆ ಸಿಗುವುದಿಲ್ಲ. ಇಡೀ ಸ್ಟ್ರಿಪ್ ಸುಮಾರು 6.8 ಕಿಲೋಮೀಟರ್ ಉದ್ದ. ಸೇತುವೆಯ ಮೇಲೆ ನಿಂತು ಕಾಲಿಗೆ ಬಿಡುವು ಕೊಡುವಂತೆಯೂ ಇಲ್ಲ. 2024ರಲ್ಲಿ ಬಂದ ಕೌಂಟಿಯ ನಿಯಮದ ಪ್ರಕಾರ ಪಾದಚಾರಿ ಸೇತುವೆಗಳಲ್ಲಿ ಸುಮ್ಮನೆ ನಿಲ್ಲುವಂತಿಲ್ಲ.

ಫ್ರೀಮಾಂಟ್‌ನಲ್ಲಿ ಈ ಕಷ್ಟವಿಲ್ಲ. ಮುಖ್ಯ ಭಾಗಕ್ಕೆ ವಾಹನಗಳ ಪ್ರವೇಶವೇ ಇಲ್ಲ. ಲಿಫ್ಟ್ ಇಳಿದರೆ ಕ್ಯಾಸಿನೊ, ಕ್ಯಾಸಿನೊ ದಾಟಿದರೆ ಬೀದಿ, ಬೀದಿಯ ಆಚೆ ಮತ್ತೊಂದು ಹೋಟೆಲು. ಅಮ್ಮ ಮಧ್ಯಾಹ್ನ ಕೋಣೆಗೆ ಹೋಗಿ ಒಂದು ಗಂಟೆ ಮಲಗಿ, ಒಬ್ಬರೇ ಇಳಿದು ಬಂದು ನನ್ನನ್ನು ಸೇರಿಕೊಂಡರು. ಸ್ಟ್ರಿಪ್‌ನಲ್ಲಿ ಇದು ಆಗದ ಮಾತು. ಅಲ್ಲಿ ಬೆಳಿಗ್ಗೆ ಹೊರಬಿದ್ದರೆ ರಾತ್ರಿಯೇ ವಾಪಸು.

ಇನ್ನು ಹಣ. ಸ್ಟ್ರಿಪ್‌ನ ಕೋಣೆಗೆ ಮೊದಲ ಪುಟದಲ್ಲಿ ತೋರಿಸಿದ್ದು ರಾತ್ರಿಗೆ 74 ಡಾಲರ್. ಕೊನೆಯ ಪುಟಕ್ಕೆ ಬಂದಾಗ 50 ಡಾಲರಿನ ರೆಸಾರ್ಟ್ ಶುಲ್ಕ, ಎರಡರ ಮೇಲೂ ಶೇಕಡ 13ರಷ್ಟು ತೆರಿಗೆ ಸೇರಿ 140 ಡಾಲರ್ ಆಯಿತು. ಈಜುಕೊಳ, ವ್ಯಾಯಾಮ ಕೊಠಡಿ, ವೈಫೈ ಬಳಸದಿದ್ದರೂ ಈ ಶುಲ್ಕ ತಪ್ಪುವುದಿಲ್ಲ. ನನಗೆ ಸಿಟ್ಟು ಬಂದದ್ದು ಮೊತ್ತಕ್ಕಲ್ಲ, ಅದನ್ನು ಬಚ್ಚಿಟ್ಟ ರೀತಿಗೆ. ಫ್ರೀಮಾಂಟ್‌ನಲ್ಲಿಯೂ ಆಟ ಅದೇ, ಮೊತ್ತ ಮಾತ್ರ ಚಿಕ್ಕದು: 52 ಡಾಲರ್ ಎಂದದ್ದು 98ಕ್ಕೆ ನಿಂತಿತು. 2025ರ ಮೇ ತಿಂಗಳಿಂದ ಜಾರಿಗೆ ಬಂದ ಅಮೆರಿಕದ ಕೇಂದ್ರ ನಿಯಮದಿಂದಾಗಿ ಈಗ ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ಬೆಲೆ ತೋರಿಸಬೇಕು. ತೆರಿಗೆಯನ್ನು ಮಾತ್ರ ಪ್ರತ್ಯೇಕವಾಗಿ ಕೊನೆಯಲ್ಲಿ ಸೇರಿಸಬಹುದು. ನಂತರ ಹೋಗುವವರಿಗೆ ಈ ಒಂದು ತಲೆನೋವು ಕಡಿಮೆ.

ಬೆಲೆಯನ್ನು ಜಾಗಕ್ಕಿಂತಲೂ ದಿನವೇ ಹೆಚ್ಚು ನಿರ್ಧರಿಸುತ್ತದೆ. ನಾನು ನೋಡಿದ ಅದೇ ಕೋಣೆಗೆ ಶುಕ್ರವಾರ, ಶನಿವಾರದ ಬಾಡಿಗೆ ಎರಡು ಪಟ್ಟಿಗಿಂತ ಹೆಚ್ಚಿತ್ತು. ಜನವರಿಯ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳದ ವಾರ, ನವೆಂಬರಿನ ಫಾರ್ಮುಲಾ ಒನ್ ಓಟದ ವಾರ ಈ ಊರಿನ ಹತ್ತಿರ ಸುಳಿಯಬೇಡಿ. ಓಟ ನಡೆಯುವುದು ಸ್ಟ್ರಿಪ್‌ನ ಮೇಲೆಯೇ. ಅದರ ಸಿದ್ಧತೆಗೆ ರಸ್ತೆಗಳನ್ನು ಮೊದಲೇ ಮುಚ್ಚುತ್ತಾರೆ.

ಫ್ರೀಮಾಂಟ್‌ನಲ್ಲಿ ರಾತ್ರಿಗೆ 42 ಡಾಲರ್ ಉಳಿಯಿತು, ನಿಜ. ಆದರೆ ಮೊದಲ ಸಲ ಬಂದವರು ನೋಡಲು ಬಯಸುವುದರ ಬಹುಪಾಲು ಸ್ಟ್ರಿಪ್‌ನಲ್ಲಿದೆ. ಅಲ್ಲಿಯೂ ನಮ್ಮ ಮನಸ್ಸಿನಲ್ಲಿ ಉಳಿದದ್ದೆಲ್ಲ ಬಿಟ್ಟಿ ನೋಟಗಳೇ. ಬೆಲಾಜಿಯೊ ಹೋಟೆಲಿನ ಮುಂದಿನ ಕಾರಂಜಿಯನ್ನು ನಾವು ನಾಲ್ಕು ಸಲ ನೋಡಿದೆವು. ರಾತ್ರಿ 7ರಿಂದ ನಡುರಾತ್ರಿಯವರೆಗೆ 15 ನಿಮಿಷಕ್ಕೊಮ್ಮೆ, ಅದಕ್ಕೆ ಮೊದಲು ಅರ್ಧ ಗಂಟೆಗೊಮ್ಮೆ ಇರುತ್ತದೆ. ಗಾಳಿ ಜೋರಾದರೆ ನಿಲ್ಲಿಸುತ್ತಾರೆ. 1,200ಕ್ಕೂ ಹೆಚ್ಚು ನೀರಿನ ಕೊಳವೆಗಳು ಒಂದೇ ಉಸಿರಿನಲ್ಲಿ ಎದ್ದು ಹಾಡಿಗೆ ಬಾಗುವುದನ್ನು ಎದುರಿಗೆ ನಿಂತು ನೋಡಬೇಕು. ಯಾವ ವಿಡಿಯೊದಲ್ಲಿಯೂ ಆ ನೀರಿನ ಸಿಡಿತದ ಸದ್ದು ಬರುವುದಿಲ್ಲ. ಹೋಟೆಲಿನ ಒಳಗಿನ ಹೂದೋಟವನ್ನು ಋತುವಿಗೊಮ್ಮೆ ಬದಲಿಸುತ್ತಾರೆ. ನಾವು ಹೋದಾಗ ಚೀನೀ ಹೊಸ ವರ್ಷದ ಅಲಂಕಾರ. ಅಮ್ಮ ಅಲ್ಲಿ ಮುಕ್ಕಾಲು ಗಂಟೆ ನಿಂತರು. 2023ರಲ್ಲಿ ತೆರೆದ ಸ್ಫಿಯರ್ ಎಂಬ 112 ಮೀಟರ್ ಎತ್ತರದ ಗೋಲವನ್ನು ಒಳಹೊಕ್ಕು ನೋಡಲು ಟಿಕೆಟ್ ದುಬಾರಿ. ಹೊರಮೈಯ ಬೆಳಕಿನ ಚಿತ್ರಗಳಿಗೆ ಕಾಸು ಬೇಡ. ಹಳೆಯ ಪಟ್ಟಿಗಳಲ್ಲಿ ಮಿರಾಜ್ ಹೋಟೆಲಿನ ಜ್ವಾಲಾಮುಖಿಯ ಹೆಸರಿದ್ದರೆ ಹೊಡೆದುಹಾಕಿ. ಆ ಹೋಟೆಲು 2024ರ ಜುಲೈನಲ್ಲಿ ಮುಚ್ಚಿತು.

ಫ್ರೀಮಾಂಟ್‌ನ ದೊಡ್ಡ ನೋಟ ಮೇಲ್ಛಾವಣಿ. ಸುಮಾರು 420 ಮೀಟರ್ ಉದ್ದದ ಬಾಗಿದ ಪರದೆ ಬೀದಿಯ ಮೇಲೆ 27 ಮೀಟರ್ ಎತ್ತರದಲ್ಲಿದೆ. ಸಂಜೆ 6ರಿಂದ ಗಂಟೆಗೊಮ್ಮೆ ಅದರ ಮೇಲೆ ಬೆಳಕು, ಸಂಗೀತ. ಮೊದಲ ಸಲ ತಲೆಯೆತ್ತಿದಾಗ ನಿಜವಾಗಿ ಮೈ ಜುಮ್ಮೆಂದಿತು. ಮೂರನೆಯ ಸಲಕ್ಕೆ ಸಾಕೆನಿಸಿತು. ಕೆಳಗಿನ ವೇದಿಕೆಗಳ ಡ್ರಮ್ ಸದ್ದು ನಮ್ಮ ಒಂಬತ್ತನೆಯ ಮಹಡಿಯ ಕೋಣೆಗೆ ನಡುರಾತ್ರಿ ದಾಟಿದ ಮೇಲೂ ಕೇಳುತ್ತಿತ್ತು. ಇಲ್ಲಿ ಕೋಣೆ ಹಿಡಿಯುವವರು ಬೀದಿಯ ಕಡೆಗೆ ಮುಖ ಮಾಡದ ಕೋಣೆಯನ್ನು ಕೇಳಿ ಪಡೆಯಬೇಕು. ಸ್ಟ್ರಿಪ್‌ನ ಕೋಣೆಯಲ್ಲಿ ನಾವು ಚೆನ್ನಾಗಿ ನಿದ್ದೆ ಮಾಡಿದೆವು.

ಫ್ರೀಮಾಂಟ್‌ನ ಪರ ನನ್ನ ಮನಸ್ಸು ವಾಲಿದ್ದು ಅಲ್ಲಿಂದ ಸ್ವಲ್ಪ ಉತ್ತರಕ್ಕಿರುವ ನಿಯಾನ್ ಮ್ಯೂಸಿಯಂನಲ್ಲಿ. ಮುಚ್ಚಿಹೋದ ಹೋಟೆಲುಗಳ, ಮೋಟೆಲುಗಳ ಹಳೆಯ ಫಲಕಗಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಕತ್ತಲಾದ ಮೇಲೆ ಹೋದೆವು. ಕೆಲವು ಇನ್ನೂ ಉರಿಯುತ್ತವೆ, ಕೆಲವಕ್ಕೆ ಕೆಳಗಿನಿಂದ ದೀಪ ಬಿಟ್ಟಿದ್ದಾರೆ. ತುಕ್ಕು, ಒಡೆದ ಬಲ್ಬು, ಬಣ್ಣ ಹಾರಿದ ಅಕ್ಷರ, ಎಲ್ಲವೂ ಇದ್ದ ಹಾಗೇ ಇವೆ. ಹಳೆಯದನ್ನು ಸ್ಫೋಟಿಸಿ ಹೊಸದನ್ನು ಕಟ್ಟುವ ಊರಿದು, ಟ್ರಾಪಿಕಾನಾ ಹೋಟೆಲಿನ ಗೋಪುರಗಳು ಉರುಳಿದ್ದು 2024ರ ಅಕ್ಟೋಬರಿನಲ್ಲಿ. ಅಂಥ ಊರಿನಲ್ಲಿ ಯಾರೋ ಅಕ್ಕರೆಯಿಂದ ಅಕ್ಷರಗಳನ್ನು ಎತ್ತಿಟ್ಟಿದ್ದಾರೆ ಎಂಬುದು ನನ್ನನ್ನು ಬಹಳ ತಟ್ಟಿತು. ಟಿಕೆಟ್ ಮೊದಲೇ ಕೊಳ್ಳಿ.

ಆಟದ ಮೇಜುಗಳ ವಿಷಯದಲ್ಲಿ ಎರಡು ಕಡೆಗೂ ಬಹಳ ವ್ಯತ್ಯಾಸ ಕಂಡಿತು. 21 ವರ್ಷ ತುಂಬಿರಬೇಕು, ಪಾಸ್‌ಪೋರ್ಟ್ ಕೈಯಲ್ಲಿರಬೇಕು. ನಾನು ದಿನಕ್ಕೆ 60 ಡಾಲರ್ ಎಂದು ಬೇರೆ ಲಕೋಟೆಯಲ್ಲಿ ಇಟ್ಟಿದ್ದೆ. ಅದನ್ನು ನಾಟಕದ ಟಿಕೆಟ್ಟಿನಂತೆ ಖರ್ಚೆಂದೇ ಬರೆದುಕೊಂಡಿದ್ದೆ. ರೂಲೆಟ್ ಎಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತದೆಂದು ಪಣ ಕಟ್ಟುವ ಆಟ; ಸೊನ್ನೆಯ ಮನೆಗಳು ಕ್ಯಾಸಿನೊದ ಲಾಭಕ್ಕೆ ಇರುವಂಥವು. ಸ್ಟ್ರಿಪ್‌ನಲ್ಲಿ ನಾನು ನಿಂತ ರೂಲೆಟ್ ಚಕ್ರದಲ್ಲಿ ಮೂರು ಸೊನ್ನೆಗಳಿದ್ದವು, ಫ್ರೀಮಾಂಟ್‌ನಲ್ಲಿ ಎರಡು. ಚಿಕ್ಕ ವ್ಯತ್ಯಾಸವೆಂದು ಕಂಡರೂ ಲೆಕ್ಕ ಹಾಕಿ ನೋಡಿ. ಎರಡು ಸೊನ್ನೆಯ ಚಕ್ರದಲ್ಲಿ 38 ಮನೆಗಳು, ಕ್ಯಾಸಿನೊದ ಪಾಲು ಶೇಕಡ 5.26. ಮೂರು ಸೊನ್ನೆಯಾದರೆ ಶೇಕಡ 7.69. ಹತ್ತು ಡಾಲರಿನಂತೆ ಗಂಟೆಗೆ 40 ಸುತ್ತು ಆಡಿದರೆ ಸರಾಸರಿ ನಷ್ಟ ಮೊದಲನೆಯದರಲ್ಲಿ 21 ಡಾಲರ್, ಎರಡನೆಯದರಲ್ಲಿ 31. ಇಸ್ಪೀಟಿನ ಆಟವಾದ ಬ್ಲ್ಯಾಕ್‌ಜ್ಯಾಕ್‌ನಲ್ಲಿಯೂ ಹಾಗೆಯೇ. ಗೆದ್ದರೆ ಎಷ್ಟು ಕೊಡುತ್ತಾರೆಂದು ಮೇಜಿನ ಬಟ್ಟೆಯ ಮೇಲೆಯೇ ಬರೆದಿರುತ್ತದೆ, ಓದಿಕೊಂಡು ಕುಳಿತುಕೊಳ್ಳಿ. ಎರಡಕ್ಕೆ ಮೂರು ಕೊಡುವ ಮೇಜಿನಲ್ಲಿ ಹತ್ತು ಡಾಲರಿಗೆ ಬ್ಲ್ಯಾಕ್‌ಜ್ಯಾಕ್, ಅಂದರೆ ಮೊದಲ ಎರಡು ಎಲೆಗಳಲ್ಲೇ 21, ಬಿದ್ದರೆ 15 ಸಿಗುತ್ತದೆ, ಐದಕ್ಕೆ ಆರು ಕೊಡುವ ಮೇಜಿನಲ್ಲಿ 12. ಸ್ಟ್ರಿಪ್‌ನಲ್ಲಿ 15 ಡಾಲರಿನ ಕನಿಷ್ಠ ಪಣಕ್ಕೆ ನನಗೆ ಸಿಕ್ಕಿದ್ದೆಲ್ಲ ಐದಕ್ಕೆ ಆರು. ಫ್ರೀಮಾಂಟ್‌ನಲ್ಲಿ ಹತ್ತು ಡಾಲರಿಗೇ ಎರಡಕ್ಕೆ ಮೂರು ಸಿಕ್ಕಿತು, ಬೆಳಿಗ್ಗೆ ಜನ ಕಡಿಮೆಯಿದ್ದಾಗ ಕಲಿಸಿಕೊಡುವ ತಾಳ್ಮೆಯ ಡೀಲರ್ ಕೂಡ. ಆಡಬೇಕೆಂಬ ಆಸೆಯಿದ್ದರೆ ಅಲ್ಲಿಯೇ ಆಡಿ. ಹೊರದೇಶದವರಿಗೆ ಇನ್ನೊಂದು ಮಾತು. ಸ್ಲಾಟ್ ಯಂತ್ರದಲ್ಲಿ ದೊಡ್ಡ ಮೊತ್ತ ಗೆದ್ದರೆ ಅಲ್ಲೇ ಶೇಕಡ 30ರಷ್ಟು ತೆರಿಗೆ ಹಿಡಿಯುತ್ತಾರೆ.

ಓಡಾಟಕ್ಕೆ ನಾವು ಎಲ್ಲವನ್ನೂ ಬಳಸಿದೆವು. ಎರಡು ಕಡೆಗಳನ್ನೂ ಬೆಸೆಯುವುದು ಡ್ಯೂಸ್ ಎಂಬ ಎರಡಂತಸ್ತಿನ ಬಸ್. ದಿನವಿಡೀ ಓಡುತ್ತದೆ. 24 ಗಂಟೆಯ ಪಾಸ್‌ಗೆ ನಾವು ಕೊಟ್ಟದ್ದು 8 ಡಾಲರ್. ಸಂಜೆ ಸ್ಟ್ರಿಪ್‌ನ ನಡುವಿನಿಂದ ಫ್ರೀಮಾಂಟ್‌ಗೆ 50 ನಿಮಿಷ ಹಿಡಿಯಿತು, ಬೆಳಿಗ್ಗೆ 30. ಮೇಲಂತಸ್ತಿನ ಮುಂದಿನ ಸೀಟು ಸಿಕ್ಕರೆ ಅದೇ ಒಂದು ಪ್ರವಾಸ. ಮೋನೊರೈಲ್ ವೇಗವಾಗಿದೆ, ಆದರೆ ಹೋಟೆಲುಗಳ ಹಿಂಬದಿಯಲ್ಲಿ ಸಾಗುತ್ತದೆ. ನಿಲ್ದಾಣಕ್ಕೇ ಹತ್ತು ನಿಮಿಷ ನಡೆಯಬೇಕು, ವಿಮಾನ ನಿಲ್ದಾಣಕ್ಕೂ ಫ್ರೀಮಾಂಟ್‌ಗೂ ಹೋಗುವುದಿಲ್ಲ. ಅಮ್ಮನ ಕಾಲಿಗೆ ನಿಜವಾಗಿ ಒದಗಿದ್ದು ಪಾರ್ಕ್ ಎಂಜಿಎಂ, ಏರಿಯಾ, ಬೆಲಾಜಿಯೊ ಹೋಟೆಲುಗಳ ನಡುವಿನ ಪುಟ್ಟ ಉಚಿತ ಟ್ರಾಮ್. ವಿಮಾನ ನಿಲ್ದಾಣದಿಂದ ಸ್ಟ್ರಿಪ್‌ಗೆ ಟ್ಯಾಕ್ಸಿಗಳಿಗೆ ವಲಯದ ಪ್ರಕಾರ ನಿಗದಿತ ದರವಿದೆ. ಹತ್ತುವ ಮೊದಲೇ ಅದನ್ನು ಹೇಳಿ.

ಒಂದು ದಿನ ಊರಿನಾಚೆ ಹೋಗಲೇಬೇಕು. ಎರಡು ದಿನ ಕಿಟಕಿಯಿಲ್ಲದ ಸಭಾಂಗಣಗಳಲ್ಲಿ ಅಲೆದ ಮೇಲೆ ಕಣ್ಣು ಆಕಾಶವನ್ನು ಬೇಡುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು ಸುಮಾರು 450 ಕಿಲೋಮೀಟರ್. ಹೋಗಿ ಬರುವುದರಲ್ಲೇ ದಿನ ಕರಗುತ್ತದೆ, ಆದ್ದರಿಂದ ಬಿಟ್ಟೆವು. ಕಾರು ಬಾಡಿಗೆಗೆ ಹಿಡಿದು ಬೆಳಿಗ್ಗೆ ಹೂವರ್ ಅಣೆಕಟ್ಟು, ಮಧ್ಯಾಹ್ನ ರೆಡ್ ರಾಕ್ ಕ್ಯಾನ್ಯನ್ ನೋಡಿದೆವು. ಅಣೆಕಟ್ಟು 221 ಮೀಟರ್ ಎತ್ತರ, ಕಟ್ಟಿದ್ದು 1931ರಿಂದ 1935ರವರೆಗೆ. ಅದರ ನೀರು ಸೆಳೆಯುವ ಗೋಪುರಗಳ ಮೇಲೆ ಎರಡು ಗಡಿಯಾರಗಳಿವೆ, ಒಂದು ನೆವಾಡದ ಸಮಯ, ಇನ್ನೊಂದು ಅರಿಜೋನದ ಸಮಯ. ಚಳಿಗಾಲದಲ್ಲಿ ಇವುಗಳ ನಡುವೆ ಒಂದು ಗಂಟೆಯ ಅಂತರ. ಬೇಸಿಗೆಯಲ್ಲಿ ನೆವಾಡ ಗಡಿಯಾರವನ್ನು ಮುಂದೆ ಸರಿಸುತ್ತದೆ, ಅರಿಜೋನ ಸರಿಸುವುದಿಲ್ಲ, ಆಗ ಎರಡೂ ಒಂದೇ. ದಾರಿಯಲ್ಲಿ ಸಿಗುವ ಬೌಲ್ಡರ್ ಸಿಟಿ ಅಣೆಕಟ್ಟಿನ ಕೆಲಸಗಾರರಿಗಾಗಿ ಕಟ್ಟಿದ ಊರು. ನೆವಾಡದಲ್ಲಿ ಜೂಜಿಗೆ ನಿಷೇಧವಿರುವ ಎರಡೇ ಊರುಗಳಲ್ಲಿ ಅದೂ ಒಂದು. ರೆಡ್ ರಾಕ್‌ನಲ್ಲಿ 21 ಕಿಲೋಮೀಟರಿನ ಸುತ್ತುರಸ್ತೆಯನ್ನು ಕಾರಿನಲ್ಲೇ ನಿಲ್ಲಿಸಿ ನಿಲ್ಲಿಸಿ ನೋಡಬಹುದು. ಅಕ್ಟೋಬರಿನಿಂದ ಮೇವರೆಗೆ ಹಗಲಿಗೆ ಮುಂಗಡ ಸಮಯ ಕಾದಿರಿಸಬೇಕು. ಒಂದಕ್ಕೆ ಮಾತ್ರ ಬಿಡುವಿದ್ದರೆ ನಾನು ರೆಡ್ ರಾಕ್ ಆರಿಸುತ್ತೇನೆ. ಊರಿನಿಂದ ಅರ್ಧ ಗಂಟೆ ಅಷ್ಟೇ, ಸಂಜೆಯ ಮೊದಲು ಕೆಂಪು ಬಂಡೆಗಳ ಬಣ್ಣ ಗಳಿಗೆಗೊಮ್ಮೆ ಬದಲಾಗುತ್ತದೆ.

ಬರುವ ತಿಂಗಳು ತಂಗಿ, ಭಾವ ಮೊದಲ ಸಲ ಎರಡೇ ರಾತ್ರಿಗೆ ಹೋಗುತ್ತಿದ್ದಾರೆ. ಅವರಿಗೆ ಸ್ಟ್ರಿಪ್‌ನ ನಡುವೆ, ಬೆಲಾಜಿಯೊ ಕಾರಂಜಿಯಿಂದ ಹತ್ತು ನಿಮಿಷದ ನಡಿಗೆಯೊಳಗೆ, ಸೋಮವಾರ ಮತ್ತು ಮಂಗಳವಾರಕ್ಕೆ ಕೋಣೆ ಹಿಡಿದುಕೊಟ್ಟೆ. ಇಷ್ಟು ಕಡಿಮೆ ಸಮಯದಲ್ಲಿ ದಿನಕ್ಕೆರಡು ಸಲ 50 ನಿಮಿಷದ ಬಸ್ಸಿಗೆ 42 ಡಾಲರಿನ ಉಳಿತಾಯ ಸಾಲದು. ಮೂರು ರಾತ್ರಿಗಿಂತ ಹೆಚ್ಚಿದ್ದರೆ, ಅಥವಾ ಬಂದದ್ದೇ ಮೇಜಿನ ಆಟಕ್ಕಾಗಿ ಎಂದಿದ್ದರೆ, ಫ್ರೀಮಾಂಟ್ ಎನ್ನುತ್ತಿದ್ದೆ. ಅಮ್ಮ ಇದನ್ನು ಒಪ್ಪಲಿಲ್ಲ. ಮತ್ತೆ ಹೋದರೆ ತಾವು ಇಳಿಯುವುದು ಫ್ರೀಮಾಂಟ್‌ನಲ್ಲೇ ಎಂದು ಹೇಳಿ, ತಂಗಿಯ ಪಟ್ಟಿಯಲ್ಲಿ ಎರಡನೆಯ ಸಂಜೆಯ ಎದುರು ತಾವೇ ಬರೆದರು: ಆರು ಗಂಟೆಯೊಳಗೆ ಡ್ಯೂಸ್ ಹತ್ತುವುದು, ಮೇಲಂತಸ್ತಿನಲ್ಲಿ ಮುಂದಿನ ಸೀಟು, ಏಳಕ್ಕೆ ಮೇಲ್ಛಾವಣಿಯ ಕೆಳಗೆ, ವೇಗಸ್ ವಿಕ್ ಎಂಬ 1951ರ ನಿಯಾನ್ ಕೌಬಾಯ್ ಫಲಕದ ಎದುರಿಗೆ ನಿಂತಿರುವುದು.