ಫೈಫಾಕ್ಸ್ ಆ್ಯಪ್ ವಿಮರ್ಶೆ: ಚಪ್ಪಾಳೆ ತಟ್ಟಿ ಶಬ್ದದ ವೇಗ ಅಳೆಯಿರಿ

ಮೊಬೈಲಿನೊಳಗಿನ ಸೆನ್ಸರ್‌ಗಳನ್ನೇ ಅಳತೆಯ ಉಪಕರಣವಾಗಿಸುವ ಆ್ಯಪ್ ಫೈಫಾಕ್ಸ್. ಜರ್ಮನಿಯ ಆಹೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯ 2016ರಲ್ಲಿ ಹೊರತಂದದ್ದು. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಉಚಿತ.

ಹೈಸ್ಕೂಲಿನ ಶಬ್ದದ ಪಾಠಕ್ಕೆ ಇದರ ಅಕೌಸ್ಟಿಕ್ ಸ್ಟಾಪ್‌ವಾಚ್ ಒಂದೇ ಸಾಕು, ಆ್ಯಪ್ ಇಳಿಸಿಕೊಂಡದ್ದು ಸಾರ್ಥಕ. ಮೊದಲ ಸದ್ದಿಗೆ ಓಡಲು ಶುರುವಾಗಿ ಎರಡನೆಯದಕ್ಕೆ ನಿಲ್ಲುವ ಗಡಿಯಾರ ಅದು. ಎರಡು ಫೋನ್‌ಗಳನ್ನು ಟೇಪ್ ಹಿಡಿದು 5 ಮೀಟರ್ ದೂರದಲ್ಲಿಡಿ. ಒಂದು ಫೋನಿನ ಪಕ್ಕ ಒಬ್ಬಳು ಚಪ್ಪಾಳೆ ತಟ್ಟಲಿ. ಎರಡೂ ಓಡುತ್ತವೆ, ಆಚೆಯದು ತುಸು ತಡವಾಗಿ. ಒಂದೆರಡು ಸೆಕೆಂಡ್ ಬಿಟ್ಟು ಆಚೆ ತುದಿಯಲ್ಲಿ ಇನ್ನೊಬ್ಬಳು ತಟ್ಟಲಿ. ಎರಡು ಫೋನ್‌ ತೋರಿಸುವ ಸಮಯಗಳ ವ್ಯತ್ಯಾಸವೇ ಶಬ್ದ 10 ಮೀಟರ್ (ಆಚೆಗೆ 5, ಈಚೆಗೆ 5) ಸಾಗಲು ಹಿಡಿದ ಕಾಲ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 348 ಮೀಟರ್, ವ್ಯತ್ಯಾಸ 0.029 ಸೆಕೆಂಡಿನ ಆಸುಪಾಸು ಬರಬೇಕು. ಈ ಲೆಕ್ಕವನ್ನು ಮಕ್ಕಳು ಅಳೆಯುವ ಮೊದಲೇ ಬರೆದಿಡಬೇಕು. ಎರಡು ಫೋನ್‌ಗಳ ಗಡಿಯಾರ ಹೊಂದಿಸುವ ಗೊಡವೆಯಿಲ್ಲ, ಅದೇ ಈ ವಿಧಾನದ ಸೊಗಸು.

ಕೈಕೊಡುವುದು ಸಾಮಾನ್ಯವಾಗಿ ಸೆಟ್ಟಿಂಗ್‌ನಲ್ಲಿ. ಗಡಿಯಾರ ಓಡಲು ಸದ್ದು ಎಷ್ಟು ಜೋರಿರಬೇಕೆಂಬ ಮಿತಿ, ಅಂದರೆ ಥ್ರೆಶೋಲ್ಡ್, 0.1 ಇದ್ದರೆ ಬೆಂಚು ಎಳೆದ ಸದ್ದಿಗೇ ಗಡಿಯಾರ ಓಡುತ್ತದೆ. ಸ್ವಲ್ಪ ಸ್ವಲ್ಪವೇ ಏರಿಸಿ, ಅತಿಯಾದರೆ ದೂರದ ಚಪ್ಪಾಳೆ ಅದಕ್ಕೆ ಕೇಳಿಸದು. ಓಡಲು ಶುರುವಾದ ಮೇಲೆ ಎಷ್ಟು ಹೊತ್ತು ಬೇರೆ ಸದ್ದಿಗೆ ನಿಲ್ಲಬಾರದೆಂಬ ಮಿನಿಮಮ್ ಡಿಲೇ ತೀರಾ ಕಡಿಮೆಯಿದ್ದರೆ ಅದೇ ಚಪ್ಪಾಳೆಯ ಪ್ರತಿಧ್ವನಿಗೆ ನಿಂತುಬಿಡುತ್ತದೆ, 0.5 ಸೆಕೆಂಡ್ ಇಡಿ. ಮೆತ್ತಗಿನ ಚಪ್ಪಾಳೆಗಿಂತ ಎರಡು ಮರದ ತುಂಡು ಬಡಿದರೆ ಸದ್ದು ಚುರುಕಾಗಿ ಏಳುತ್ತದೆ. 1 ಮಿಲಿಸೆಕೆಂಡ್ ಹೆಚ್ಚುಕಮ್ಮಿಯಾದರೆ ಉತ್ತರದಲ್ಲಿ ಸೆಕೆಂಡಿಗೆ ಸುಮಾರು 12 ಮೀಟರ್ ಏರುಪೇರು. ಮೈದಾನಕ್ಕೆ ಹೋಗಿ ಫೋನ್‌ಗಳ ನಡುವಿನ ದೂರವನ್ನು 10 ಮೀಟರ್ ಮಾಡಿದರೆ ಆ ದೋಷ ಅರ್ಧಕ್ಕಿಳಿಯುತ್ತದೆ, ಇದನ್ನು ಮಕ್ಕಳೇ ಕಂಡುಕೊಳ್ಳಲಿ.

ಗುರುತ್ವ ಸಹಿತ ವೇಗೋತ್ಕರ್ಷದ ಭಾಗವೂ ಚೆನ್ನಾಗಿದೆ. ಮೇಜಿನ ಮೇಲೆ ಸುಮ್ಮನೆ ಮಲಗಿದ ಫೋನ್ 9.8 ಮೀ/ಸೆ² ತೋರಿಸುತ್ತದೆ, ದಿಂಬಿನ ಮೇಲೆ ಬೀಳಿಸಿದರೆ ಬೀಳುವಷ್ಟು ಹೊತ್ತು ಸೊನ್ನೆಗೆ ಹತ್ತಿರ. ಏಕೆ ಹೀಗೆ ಎಂಬ ಚರ್ಚೆಗೇ ಒಂದು ಪೀರಿಯಡ್ ಕೊಡಬೇಕು. ನಮ್ಮ ಮೆಟ್ರೊ ನಿಲ್ದಾಣದ ಲಿಫ್ಟಿನಲ್ಲಿ ನೆಲದ ಮೇಲಿಟ್ಟರೆ, ಮೇಲೇರಲು ಶುರುವಾದಾಗ ಗೆರೆ ಏರಿ, ನಡುವೆ 9.8ಕ್ಕೇ ಮರಳಿ, ನಿಲ್ಲುವಾಗ ಇಳಿಯುತ್ತದೆ.

ಆದರೆ ವೇಗೋತ್ಕರ್ಷದಿಂದ ಬಸ್ಸು ಸಾಗಿದ ದೂರ ಲೆಕ್ಕಹಾಕಲು ಹೋಗಬೇಡಿ. ಎರಡು ಸಲ ಸಮಾಕಲನ (ಇಂಟಿಗ್ರೇಷನ್) ಮಾಡುವಾಗ ಸೆನ್ಸರಿನ ಸಣ್ಣ ದೋಷ ಬೆಳೆಯುತ್ತಲೇ ಹೋಗಿ, ನಿಂತ ಬಸ್ಸೂ ಓಡಿದಂತೆ ಕಾಣುತ್ತದೆ.

ಪಿಯುಸಿಯವರು ಲೋಲಕಕ್ಕೆ ಬಳಸಬಹುದು: ಫೋನನ್ನು ಚೀಲದಲ್ಲಿಟ್ಟು ನೇತುಹಾಕಿ, ಉದ್ದವನ್ನು ಫೋನಿನ ನಡುಮಧ್ಯದವರೆಗೆ ಅಳೆಯಿರಿ. 50 ಸೆಂ.ಮೀ.ಗೆ ಆವರ್ತ ಕಾಲ ಸುಮಾರು 1.42 ಸೆಕೆಂಡ್.

ಆ್ಯಪ್‌ನ ಮೆನುವಿನಲ್ಲಿ ರಿಮೋಟ್ ಆ್ಯಕ್ಸೆಸ್ ಆನ್ ಮಾಡಿ, ಅದು ತೋರಿಸುವ ವಿಳಾಸವನ್ನು ಲ್ಯಾಪ್‌ಟಾಪ್ ಬ್ರೌಸರಿನಲ್ಲಿ ಹಾಕಿದರೆ ಗ್ರಾಫ್ ಪ್ರೊಜೆಕ್ಟರಿನಲ್ಲಿ ಮೂಡುತ್ತದೆ. ಫೋನಿನ ಹಾಟ್‌ಸ್ಪಾಟ್ ಸಾಕು, ಇಂಟರ್ನೆಟ್ ಬೇಡ. ಹಳ್ಳಿ ಶಾಲೆಗೆ ಇದು ದೊಡ್ಡ ಅನುಕೂಲ.

ಲೋಲಕದ ಭಾಗಕ್ಕೆ ತಿರುಗುವಿಕೆ ಅಳೆಯುವ ಸೆನ್ಸರ್ ಗೈರೋಸ್ಕೋಪ್ ಬೇಕು, ಅಗ್ಗದ ಫೋನ್‌ಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಒತ್ತಡದ ಸೆನ್ಸರ್ ಇನ್ನೂ ವಿರಳ. ಐಫೋನಿನಲ್ಲಿ ಬೆಳಕಿನ ಪ್ರಯೋಗ ಸಿಗದು. ನಡೆಯದ ಪ್ರಯೋಗಗಳು ಪಟ್ಟಿಯಲ್ಲಿ ಮಸುಕಾಗಿ ಕಾಣುತ್ತವೆ. ಪಾಠದ ಹಿಂದಿನ ದಿನವೇ ಅದನ್ನು ತೆರೆದು ನೋಡಿಕೊಳ್ಳಿ.